ಶುಕ್ರಾಸ್ತದ ಪ್ರಶ್ನೆ: ಖಗೋಳೋಪನ್ಯಾಸಗಳು ಮತ್ತು ದೇಶಭಾಷೆ

ದೆಹಲಿಯ ವಿಶ್ವವಿದ್ಯಾಲಯಗಳಲ್ಲಿ ಭೌತವಿಜ್ಞಾನದ ವಿಭಾಗಗಳು ಸಾರ್ವಜನಿಕರಿಗಾಗಿ ಖಗೋಳವಿಜ್ಞಾನದ ಉಪನ್ಯಾಸಗಳನ್ನು ಆಗಾಗ ಏರ್ಪಡಿಸುವುದುಂಟು. ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಸಂಜೆ, ಅಂಥದೊಂದು ಉಪನ್ಯಾಸಕ್ಕೆ ನಾನೂ ಹೋಗಿದ್ದೆ. ಮಧ್ಯಕಾಲೀನ ಕನ್ನಡ ಸಾಹಿತ್ಯವನ್ನು ಓದಿಕೊಂಡವನಿಗೆ ಅಲ್ಲಿ ಏನು ಕೆಲಸ ಎಂದು ಕೇಳಿದರೆ, ಚಂಪೂಕಾವ್ಯಗಳ ಚಂದ್ರೋದಯ ವರ್ಣನೆಗಳನ್ನು ಮೂವತ್ತು ವರ್ಷ ಪಾಠ ಹೇಳಿದವನು ಒಮ್ಮೆಯಾದರೂ ಚಂದ್ರನನ್ನು ದೂರದರ್ಶಕದಲ್ಲಿ ನೋಡಬೇಕೆಂಬ ಆಸೆ ಎಂದಷ್ಟೇ ಹೇಳಬಲ್ಲೆ. ಉಪನ್ಯಾಸ ಇಂಗ್ಲಿಷಿನಲ್ಲಿ ನಡೆಯಿತು. ನಡುನಡುವೆ ಹಿಂದಿಯ ಮಾತುಗಳು ಬಂದವು. ಉಪನ್ಯಾಸಕರು ತಮ್ಮ ವಿಷಯದಲ್ಲಿ ನಿಷ್ಣಾತರು, ಸಭೆಯನ್ನು ಹಿಡಿದು ನಿಲ್ಲಿಸಬಲ್ಲವರು. ಆಮೇಲೆ ಎಲ್ಲರೂ ಕಟ್ಟಡದ ಮಾಳಿಗೆಗೆ ಹೋದೆವು. ಪಶ್ಚಿಮದಲ್ಲಿ ಶುಕ್ರ ಹೊಳೆಯುತ್ತಿತ್ತು. ದೂರದರ್ಶಕದಲ್ಲಿ ಅದು ಅರ್ಧಚಂದ್ರನಂತೆ ಕಾಣುತ್ತದೆಂಬುದನ್ನು ಸಾಲಾಗಿ ನಿಂತು ಎಲ್ಲರೂ ನೋಡಿ ಆಶ್ಚರ್ಯಪಟ್ಟರು. ಕೊನೆಗೆ ಕಟ್ಟಡದ ಕಾವಲುಗಾರನೂ ಬಂದು ನೋಡಿದ. ನೋಡಿ, ತಲೆಯೆತ್ತಿ, ಹಿಂದಿಯಲ್ಲಿ ಕೇಳಿದ: “ಸಾಹೇಬರೇ, ಮುಳುಗಿದರೆ ಮದುವೆ ನಿಲ್ಲಿಸುತ್ತಾರಲ್ಲ, ಆ ತಾರೆ ಇದೇನಾ? ಅದು ಯಾಕೆ ಮುಳುಗುತ್ತದೆ?”

ಉಪನ್ಯಾಸಕರು ನಕ್ಕು, ಅವೆಲ್ಲ ಜ್ಯೋತಿಷ್ಯದ ಮಾತು, ವಿಜ್ಞಾನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದರು. ಅವನು ಸುಮ್ಮನಾದ. ನಾನೂ ಸುಮ್ಮನಿದ್ದೆ, ಏಕೆಂದರೆ ನನಗೂ ಉತ್ತರ ಪೂರ್ತಿಯಾಗಿ ತಿಳಿದಿರಲಿಲ್ಲ.

ಅನಂತರ ಯೋಚಿಸಿದಾಗ ಹೊಳೆದದ್ದು, ಆ ಪ್ರಶ್ನೆಯಲ್ಲಿ ಎರಡು ಭಾಗಗಳಿದ್ದವು ಎಂಬುದು. ಮದುವೆ ನಿಲ್ಲಿಸಬೇಕೆ ಬೇಡವೆ ಎಂಬುದು ಅವನ ಪ್ರಶ್ನೆಯಾಗಿರಲಿಲ್ಲ. ತಾರೆ ಏಕೆ ಮುಳುಗುತ್ತದೆ ಎಂಬುದು ಅಂದು ಆ ಮಾಳಿಗೆಯಲ್ಲಿ ಕೇಳಿಬಂದ ಪ್ರಶ್ನೆಗಳಲ್ಲೆಲ್ಲ ಅತ್ಯಂತ ಶುದ್ಧವಾದ ಖಗೋಳದ ಪ್ರಶ್ನೆ. ಶುಕ್ರ ಸೂರ್ಯನಿಗೆ ಸಮೀಪವಾದಂತೆ ಕಾಣುವಾಗ ಸಂಧ್ಯೆಯ ಬೆಳಕಿನಲ್ಲಿ ಕಣ್ಮರೆಯಾಗುತ್ತದೆ. ಕೆಲಕಾಲದ ಮೇಲೆ ಸೂರ್ಯನ ಇನ್ನೊಂದು ಪಕ್ಕದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಸುಮಾರು 584 ದಿನಗಳ ಒಂದು ಆವರ್ತದಲ್ಲಿ ಇದು ಎರಡು ಸಲ ನಡೆಯುತ್ತದೆ. ಶುಕ್ರ ನಮಗೂ ಸೂರ್ಯನಿಗೂ ನಡುವೆ ಹಾದುಹೋಗುವಾಗ ಕಣ್ಮರೆ ಕೆಲವೇ ದಿನಗಳದು. ಸೂರ್ಯನ ಆಚೆ ಬದಿಯಲ್ಲಿ ಹಾದುಹೋಗುವಾಗ ಹಲವು ವಾರಗಳದು. ನಮ್ಮ ಸಿದ್ಧಾಂತಗ್ರಂಥಗಳಲ್ಲಿ ಇದಕ್ಕೆಂದೇ ಉದಯಾಸ್ತಾಧಿಕಾರವೆಂಬ ಅಧ್ಯಾಯವಿರುತ್ತದೆ. ಸೂರ್ಯಸಿದ್ಧಾಂತವು ಗ್ರಹವೊಂದು ಕಾಣಿಸಬೇಕಾದರೆ ಸೂರ್ಯನಿಂದ ಎಷ್ಟು ಕಾಲಾಂಶ ದೂರವಿರಬೇಕೆಂಬುದನ್ನು ಗ್ರಹಗ್ರಹಕ್ಕೂ ಹೇಳುತ್ತದೆ: ಶುಕ್ರನಿಗೆ 10, ವಕ್ರಗತಿಯಲ್ಲಿದ್ದಾಗ 8, ಗುರುವಿಗೆ 11, ಶನಿಗೆ 15, ಮಂದಪ್ರಕಾಶದ ಮಂಗಳನಿಗೆ 17. ಒಂದು ಕಾಲಾಂಶವೆಂದರೆ ನಾಲ್ಕು ನಿಮಿಷ. ಎಂದರೆ ಸೂರ್ಯಾಸ್ತವಾದ ನಲವತ್ತು ನಿಮಿಷಗಳೊಳಗೆ ಶುಕ್ರನೂ ಅಸ್ತಮಿಸುವುದಾದರೆ ಅದು ಕಾಣದು ಎಂದು ಲೆಕ್ಕ. ಬರಿಗಣ್ಣಿನಿಂದ ತಲೆಮಾರುಗಟ್ಟಲೆ ನೋಡಿ ಕಂಡುಕೊಂಡ ಅಂಕಿಗಳಿವು. ವಕ್ರಗತಿಯಲ್ಲಿ ಶುಕ್ರ ನಮಗೆ ಹತ್ತಿರವಿದ್ದು ದೊಡ್ಡದಾಗಿ ಕಾಣುವುದರಿಂದ ಅದಕ್ಕೆ ಕಡಿಮೆ ಅಂತರ ಸಾಕು ಎಂಬ ಸೂಕ್ಷ್ಮವೂ ಅಲ್ಲಿದೆ.

ಕನ್ನಡದ ಪಂಚಾಂಗಗಳಲ್ಲಿ ಈ ಅಸ್ತವನ್ನು ಮೌಢ್ಯವೆಂದೂ ಕರೆಯುವುದುಂಟು. ಗ್ರಹ ಸೂರ್ಯತೇಜಸ್ಸಿನಲ್ಲಿ ಮಂಕಾಗಿ ಮರೆಯಾಗುವ ಸ್ಥಿತಿಗೆ ಅದು ಪಾರಿಭಾಷಿಕ ಪದ. ಇಂದಿನ ಕನ್ನಡದಲ್ಲಿ ಅದೇ ಶಬ್ದಕ್ಕೆ ಮೂಢನಂಬಿಕೆ ಎಂಬ ಅರ್ಥವೊಂದೇ ಉಳಿದಿದೆ. 2017ರಲ್ಲಿ ಕರ್ನಾಟಕದ ಶಾಸನಸಭೆ ಅಮಾನವೀಯ ಆಚರಣೆಗಳನ್ನು ತಡೆಯಲು ಒಂದು ಕಾಯಿದೆ ಮಾಡಿದಾಗ ಪತ್ರಿಕೆಗಳು ಅದನ್ನು ಮೌಢ್ಯ ನಿಷೇಧದ ಕಾಯಿದೆ ಎಂದೇ ಕರೆದವು. ಕಾಯಿದೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಖಗೋಳದ ಪದವೊಂದು ತನ್ನ ಖಗೋಳಾರ್ಥವನ್ನು ಪೂರ್ತಿಯಾಗಿ ಕಳೆದುಕೊಂಡು ಅದರ ವಿರುದ್ಧಾರ್ಥಕ್ಕೆ ಬಂದು ನಿಂತ ಪರಿ, ಈ ಲೇಖನದಲ್ಲಿ ನಾನು ಹೇಳಬಯಸುವುದರ ಸಂಕ್ಷೇಪದಂತಿದೆ.

ಸಾರ್ವಜನಿಕರಿಗೆ ಖಗೋಳವನ್ನು ಬೋಧಿಸುವ ಪ್ರಯತ್ನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಮೇಲಿನಿಂದ ಕೆಳಕ್ಕೆ ಹರಿದ ಜ್ಞಾನವೆಂದು ನಿರೂಪಿಸುತ್ತಾರೆ. ಈ ದೃಷ್ಟಿಯಲ್ಲಿ ಭಾಷೆಯೆಂಬುದು ಪಾತ್ರೆ. ಇಂಗ್ಲಿಷಿನಲ್ಲಿದ್ದದ್ದನ್ನು ಉರ್ದುವಿಗೋ ಕನ್ನಡಕ್ಕೋ ಸುರಿದರೆ ಕೆಲಸ ಮುಗಿಯಿತು. ಆದರೆ ಚರಿತ್ರೆಯನ್ನು ಹತ್ತಿರದಿಂದ ನೋಡಿದಾಗ, ಕೇಳುಗನ ಬಳಿ ಮೊದಲೇ ಇದ್ದ ಖಗೋಳದಿಂದ ಮಾತು ಆರಂಭಿಸಿದವರು ಬೇರೆಯೇ ಬಗೆಯ ಕೆಲಸ ಮಾಡಿದರೆಂಬುದು ಕಾಣುತ್ತದೆ. ಅಂಥ ಒಬ್ಬರು ದೆಹಲಿಯವರೇ; ಇನ್ನೊಬ್ಬರು ಮದರಾಸಿನಲ್ಲಿದ್ದು ಕನ್ನಡಿಗರನ್ನೂ ಉದ್ದೇಶಿಸಿದವರು; ಮತ್ತೊಬ್ಬರು ಬೆಂಗಳೂರಿನವರು.

ದೆಹಲಿಯ ವಿಷಯ ಬಂದಾಗ ಎಲ್ಲರ ನೆನಪಿಗೂ ಬರುವುದು ಜಂತರ್ ಮಂತರ್. ಸವಾಯಿ ಜಯಸಿಂಹ ಸು. 1724ರಲ್ಲಿ ಕಟ್ಟಿಸಿದ ಆ ಯಂತ್ರಗಳ ಬಗ್ಗೆ ಬೇಕಾದಷ್ಟು ಬರೆಹಗಳಿವೆ. ಇಲ್ಲಿ ಅದನ್ನು ಬಿಡುತ್ತೇನೆ. ನಮಗೆ ಹೆಚ್ಚು ಪ್ರಸ್ತುತವಾದದ್ದು ಹಳೆಯ ದೆಹಲಿ ಕಾಲೇಜು. ಅಜ್ಮೇರಿ ದರವಾಜೆಯ ಬಳಿಯ ಗಾಜಿಉದ್ದೀನನ ಮದರಸೆಯಲ್ಲಿ 1825ರಲ್ಲಿ ರೂಪುಗೊಂಡ ಈ ಕಾಲೇಜಿನ ಪೌರ್ವಾತ್ಯ ಶಾಖೆಯಲ್ಲಿ ಪಾಶ್ಚಾತ್ಯ ಗಣಿತವನ್ನೂ ವಿಜ್ಞಾನವನ್ನೂ ಉರ್ದುವಿನಲ್ಲಿ ಬೋಧಿಸಲಾಗುತ್ತಿತ್ತು. ಇದಕ್ಕೆ ಬೇಕಾದ ಪುಸ್ತಕಗಳನ್ನು ಸಿದ್ಧಪಡಿಸಲು 1840ರ ದಶಕದಲ್ಲಿ ಒಂದು ಭಾಷಾಂತರ ಸಂಘವೂ ಹುಟ್ಟಿತು. ಅಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಮಾಸ್ಟರ್ ರಾಮಚಂದ್ರ (1821–1880) ತರಗತಿಯ ಹೊರಗಿನ ಓದುಗರಿಗಾಗಿ ‘ಫವಾಯಿದುಲ್ ನಾಜಿರೀನ್’ ಮತ್ತು ‘ಮುಹಿಬ್ಬೆ ಹಿಂದ್’ ಎಂಬ ಉರ್ದು ಪತ್ರಿಕೆಗಳನ್ನು ನಡೆಸಿದರು. ಭೂಮಿಯೇ ವಿಶ್ವದ ನಿಶ್ಚಲ ಕೇಂದ್ರವೆಂಬ ಹಳೆಯ ಮತವನ್ನು ಕಾಲೇಜಿನ ಮೇಲ್ತರಗತಿಯ ವಿದ್ಯಾರ್ಥಿಗಳು, ಪೌರ್ವಾತ್ಯ ಶಾಖೆಯವರೂ ಸೇರಿ, ನಗುತ್ತಿದ್ದರೆಂದೂ ನಗರದ ವಿದ್ವಾಂಸರಿಗೆ ಇದು ಹಿಡಿಸಲಿಲ್ಲವೆಂದೂ ಅವರೇ ನೆನೆದಿದ್ದಾರೆ. ಈ ಒಂದು ಸಂಗತಿಯಿಂದಲೇ ಖಗೋಳವು ಆ ಕಾಲದ ದೆಹಲಿಯಲ್ಲಿ ಎಷ್ಟು ಸಜೀವವಾದ ವಾಗ್ವಾದದ ವಿಷಯವಾಗಿತ್ತೆಂಬುದನ್ನು ಊಹಿಸಬಹುದು.

ರಾಮಚಂದ್ರರ ವಿಶೇಷ ಬೇರೆಡೆಯಿದೆ. 1850ರಲ್ಲಿ ಕಲಕತ್ತೆಯಲ್ಲಿ ಅಚ್ಚಾದ ಅವರ ಗಣಿತಗ್ರಂಥದಲ್ಲಿ ಗರಿಷ್ಠ-ಕನಿಷ್ಠಗಳ ಸಮಸ್ಯೆಗಳನ್ನು ಕಲನಗಣಿತದ ನೆರವಿಲ್ಲದೆ, ಭಾರತೀಯರಿಗೆ ರೂಢಿಯಾಗಿದ್ದ ಬೀಜಗಣಿತದ ದಾರಿಯಲ್ಲಿ ಬಿಡಿಸಲಾಗಿದೆ. ಲಂಡನ್ನಿನ ಗಣಿತಜ್ಞ ಡಿ ಮಾರ್ಗನ್ 1859ರಲ್ಲಿ ಅದನ್ನು ಮರುಮುದ್ರಿಸಿದ್ದು ಇದೇ ಕಾರಣಕ್ಕೆ: ಈ ದೇಶದವರ ಗಣಿತಬುದ್ಧಿ ಬೀಜಗಣಿತದ ಕಡೆಗೆ ಒಲಿದದ್ದು, ಹೊಸದನ್ನು ಅದರ ಮೂಲಕವೇ ಕಲಿಸಬೇಕು ಎಂಬುದು ಅವರಿಗೆ ಒಪ್ಪಿಗೆಯಾದ ಮಾತು. ಪಾಶ್ಚಾತ್ಯ ಗಣಿತಜ್ಞರು ಇದನ್ನು ಕೈಹಿಡಿದು ಮುಂದುವರಿಸಲಿಲ್ಲ. ಅದು ಸಹಜ, ಕಲನಗಣಿತ ಗೊತ್ತಿದ್ದವರಿಗೆ ಅದರ ಅಗತ್ಯವಿರಲಿಲ್ಲ. 1857ರಲ್ಲಿ ಕಾಲೇಜಿನ ಗ್ರಂಥಾಲಯ ಲೂಟಿಯಾಯಿತು. 1864ರಲ್ಲಿ ಮತ್ತೆ ತೆರೆದ ಕಾಲೇಜು 1877ರಲ್ಲಿ ಮುಚ್ಚಿತು. ಉರ್ದುವಿನಲ್ಲಿ ವಿಜ್ಞಾನವನ್ನು ಹೇಳುವ ಪ್ರಯತ್ನ ಮುಂದೆ ಬೇರೆ ಊರುಗಳಲ್ಲಿ ನಡೆಯಿತೇ ಹೊರತು ದೆಹಲಿಯಲ್ಲಿ ಆ ಎಳೆ ಕಡಿದುಹೋಯಿತು.

ಅದೇ ದಶಕದಲ್ಲಿ, ದೆಹಲಿಯ ಕಾಲೇಜು ಮುಚ್ಚುವ ಮೂರು ವರ್ಷ ಮೊದಲು, ದಕ್ಷಿಣದಲ್ಲಿ ನಡೆದ ಒಂದು ಪ್ರಯತ್ನ ಕನ್ನಡದ ಮಟ್ಟಿಗೆ ಮಹತ್ವದ್ದು. ಮದರಾಸಿನ ವೀಕ್ಷಣಾಲಯದಲ್ಲಿ ಪ್ರಥಮ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ಪಂಚಾಂಗ ಗಣಿತದ ಪರಂಪರೆಯಿಂದ ಬಂದವರು. 1867ರಲ್ಲಿ ದಕ್ಷಿಣಾಕಾಶದ ರೆಟಿಕ್ಯುಲಮ್ ಪುಂಜದ ಒಂದು ನಕ್ಷತ್ರದ ಪ್ರಕಾಶ ಏರಿಳಿಯುತ್ತದೆಂಬುದನ್ನು ಕಂಡುಹಿಡಿದವರು. 1872ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಸದಸ್ಯತ್ವ ಪಡೆದವರು. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯಬಿಂಬದ ಮೇಲೆ ಹಾದುಹೋಗುವುದಿತ್ತು. ಈ ಸಂದರ್ಭಕ್ಕಾಗಿ ಅವರು ಒಂದು ಕಿರುಹೊತ್ತಗೆಯನ್ನು ಬರೆದು ಇಂಗ್ಲಿಷಿನ ಜೊತೆಗೆ ದೇಶಭಾಷೆಗಳಲ್ಲಿಯೂ ಪ್ರಕಟಿಸಿದರು. ಅವುಗಳಲ್ಲಿ ಕನ್ನಡವೂ ಒಂದು. ಹೊರನಾಡಿನ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು: ಬಳ್ಳಾರಿಯೂ ಇಂದಿನ ಕಾಸರಗೋಡು ಸೇರಿದಂತೆ ದಕ್ಷಿಣ ಕನ್ನಡ ಜಿಲ್ಲೆಯೂ ಆಗ ಮದರಾಸು ಆಧಿಪತ್ಯದಲ್ಲಿದ್ದುವು. ಮೂರು ವರ್ಷಗಳ ಹಿಂದೆ, 1871ರ ಡಿಸೆಂಬರ್ 12ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಇಂಗ್ಲೆಂಡಿನ ಲಾಕಿಯರ್ ತನ್ನ ತಂಡದೊಡನೆ ಬಂದು ಬೀಡುಬಿಟ್ಟದ್ದು ಕಾಸರಗೋಡಿನ ಬೇಕಲ ಕೋಟೆಯಲ್ಲಿಯೇ. ಎಂದರೆ ಆಕಾಶವನ್ನು ನೋಡಲು ದೂರದೇಶದವರು ಹಡಗೇರಿ ಬರುವುದನ್ನು ಅಲ್ಲಿನ ಜನ ಕಣ್ಣಾರೆ ಕಂಡಿದ್ದರು.

ರಘುನಾಥಾಚಾರ್ಯರ ಹೊತ್ತಗೆಯ ರೂಪವೇ ಗಮನಾರ್ಹವಾದುದು. ಅದು ಒಬ್ಬ ಸಿದ್ಧಾಂತಿ ಮತ್ತು ಒಬ್ಬ ಆಧುನಿಕ ಖಗೋಳಜ್ಞ ಇವರ ನಡುವಿನ ಸಂವಾದ. ಹಳೆಯ ಶಾಸ್ತ್ರವನ್ನು ಓದಿದವನು ಅದನ್ನು ಬಿಟ್ಟುಕೊಡದೆ ಪ್ರಶ್ನೆಗಳನ್ನು ಕೇಳುತ್ತಾನೆ. ಹೊಸದನ್ನು ಬಲ್ಲವನು ಆ ಶಾಸ್ತ್ರದ ಪರಿಭಾಷೆಯಲ್ಲಿಯೇ ಉತ್ತರಿಸುತ್ತಾನೆ. ಲೇಖಕರಿಗೆ ಎರಡೂ ಪಾತ್ರಗಳು ತಮ್ಮವೇ. ಅದೇ ವರ್ಷ ಮದರಾಸಿನ ಪಚ್ಚಯ್ಯಪ್ಪ ಸಭಾಂಗಣದಲ್ಲಿ ಸಾರ್ವಜನಿಕ ಉಪನ್ಯಾಸ ಮಾಡಿ, ನಮ್ಮವರಿಗೆ ವೀಕ್ಷಣೆಯನ್ನು ಕಲಿಸಲು ನಮ್ಮವರ ಹಣದಿಂದಲೇ ಒಂದು ವೀಕ್ಷಣಾಲಯ ಆಗಬೇಕೆಂದು ಅವರು ಬೇಡಿದರು. ಅದು ಆಗಲಿಲ್ಲ. 1880ರಲ್ಲಿ ಅವರು ತೀರಿಕೊಂಡರು. ಶುಕ್ರಸಂಕ್ರಮಣ ಮತ್ತೆ ಬಂದದ್ದು 1882ರಲ್ಲಿ, ಆಮೇಲೆ 2004ರಲ್ಲಿ, 2012ರಲ್ಲಿ. ಈ ಕೊನೆಯ ಸಂದರ್ಭದಲ್ಲಿ ಬೆಂಗಳೂರಿನ ಖಗೋಳಜ್ಞೆ ಬಿ. ಎಸ್. ಶೈಲಜಾ ಅವರು ರಘುನಾಥಾಚಾರ್ಯರನ್ನೂ ಅವರ ಕನ್ನಡ ಹೊತ್ತಗೆಯನ್ನೂ ಮತ್ತೆ ಬೆಳಕಿಗೆ ತಂದರು. ಹತ್ತೊಂಬತ್ತನೆಯ ಶತಮಾನದ ಕನ್ನಡ ಗದ್ಯದ ಬಗ್ಗೆ ನಮ್ಮ ಸಾಹಿತ್ಯಚರಿತ್ರೆಗಳು ಹೇಳುವುದು ‘ಮುದ್ರಾಮಂಜೂಷ’ವನ್ನು, ಮಿಷನರಿಗಳ ಪತ್ರಿಕೆಗಳನ್ನು, ಆಮೇಲೆ ಮುದ್ದಣನನ್ನು. ಸಿದ್ಧಾಂತಿಯೂ ಖಗೋಳಜ್ಞನೂ ಕನ್ನಡದಲ್ಲಿ ವಾದಿಸಿದ ಈ ಗದ್ಯಕ್ಕೆ ಅಲ್ಲಿ ಜಾಗವಿಲ್ಲ.

ಮೂರನೆಯ ಸಂದರ್ಭ ಮೈಸೂರು ವಿಶ್ವವಿದ್ಯಾಲಯದ್ದು. 1916ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದುವು. ಅಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ, ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ, 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದರು. ಕನ್ನಡದ ಮೊದಲ ವಿಜ್ಞಾನ ಪತ್ರಿಕೆಯೆಂದು ಹೆಸರಾದ ಅದು ಎರಡು ವರ್ಷ ನಡೆದು ನಿಂತಿತು. ಪತ್ರಿಕೆ ನಿಂತದ್ದು ಆಶ್ಚರ್ಯವಲ್ಲ, ಕನ್ನಡದಲ್ಲಿ ಪತ್ರಿಕೆಗಳು ನಿಲ್ಲುವುದೇ ವಾಡಿಕೆ. ಆದರೆ ವೆಂಕಟನಾರಣಪ್ಪನವರ ಇನ್ನೊಂದು ಮುಖವನ್ನು ನೋಡಬೇಕು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ ‘ಪಂಪಭಾರತ’ದ ಸಂಪಾದಕರು ಇದೇ ಭೌತವಿಜ್ಞಾನಿ. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಅವರೇ. ಪಂಪನ ಪಾಠಾಂತರಗಳನ್ನು ಪರಿಶೀಲಿಸುವ ಕಣ್ಣೂ ಬೆಳಕಿನ ವಕ್ರೀಭವನವನ್ನು ವಿವರಿಸುವ ಬಾಯಿಯೂ ಒಬ್ಬರದೇ ಆಗಿದ್ದ ಕಾಲವದು. ನೇಸರು, ತಿಂಗಳು ಎಂಬ ಹಳಗನ್ನಡದ ಮಾತುಗಳಾಗಲಿ, ಅಯನ, ಕ್ರಾಂತಿ, ಶರ ಎಂಬ ಶಾಸ್ತ್ರದ ಮಾತುಗಳಾಗಲಿ ಅಂಥವರಿಗೆ ನಿಘಂಟಿನಲ್ಲಿ ಹುಡುಕಬೇಕಾದ ಪದಗಳಾಗಿರಲಿಲ್ಲ.

1930ರ ದಶಕದಲ್ಲಿ ವಿಶ್ವವಿದ್ಯಾಲಯವು ಪ್ರಚಾರೋಪನ್ಯಾಸಗಳ ಯೋಜನೆಯನ್ನು ಕೈಗೊಂಡಿತು. ಅಧ್ಯಾಪಕರು ಜಿಲ್ಲೆ ತಾಲ್ಲೂಕುಗಳ ಊರುಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಮಾಡುವುದು, ಆಮೇಲೆ ಆ ಉಪನ್ಯಾಸಗಳನ್ನು ಅಗ್ಗದ ಬೆಲೆಯ ಕಿರುಪುಸ್ತಕಗಳಾಗಿ ಅಚ್ಚುಹಾಕುವುದು ಅದರ ಕ್ರಮ. ಸಾಹಿತ್ಯ, ಚರಿತ್ರೆ, ಆರೋಗ್ಯಗಳ ಜೊತೆಗೆ ಖಗೋಳವೂ ಅಲ್ಲಿ ಸೇರಿತು. ‘ಜಗತ್ತುಗಳ ಹುಟ್ಟು ಸಾವು’ ಬರೆದ ಭೌತವಿಜ್ಞಾನದ ಪ್ರಾಧ್ಯಾಪಕ ಆರ್. ಎಲ್. ನರಸಿಂಹಯ್ಯನವರ ಹೆಸರನ್ನು ಈ ತಲೆಮಾರಿನ ಪ್ರತಿನಿಧಿಯಾಗಿ ನೆನೆಯಬಹುದು. ಆ ಶೀರ್ಷಿಕೆಯಲ್ಲಿ ಒಂದೇ ಒಂದು ಕಷ್ಟದ ಮಾತಿಲ್ಲ. ಕುವೆಂಪು ಅವರು ಕುಲಪತಿಗಳಾಗಿದ್ದಾಗ (1956–60) ಈ ವಿಭಾಗಕ್ಕೆ ಪ್ರಸಾರಾಂಗವೆಂಬ ಹೆಸರೂ ಹೊಸ ಚೈತನ್ಯವೂ ಬಂದುವು. ಮುಂದೆ ಅದೇ ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾದ ಜಿ. ಟಿ. ನಾರಾಯಣರಾವ್ (1926–2008) ಊರೂರಿಗೆ ಹೋಗಿ ರಾತ್ರಿಯಾಕಾಶವನ್ನು ತೋರಿಸಿ ಮಾತನಾಡಿದರು. ಜನ ಮೈದಾನದಲ್ಲಿ ನಿಂತು ಆಕಾಶ ನೋಡುತ್ತ ಕನ್ನಡದಲ್ಲಿ ಕೇಳಿದ ಉಪನ್ಯಾಸಗಳವು. 1978ರಲ್ಲಿ ‘ಬಾಲವಿಜ್ಞಾನ’ ಬಂತು. 1989ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ತೆರೆಯಿತು. ಅದರ ಸ್ಥಾಪಕ ನಿರ್ದೇಶಕರಾದ, ಕೃಷ್ಣರಂಧ್ರಗಳ ಕಂಪನವನ್ನು 1970ರಲ್ಲಿಯೇ ಲೆಕ್ಕಹಾಕಿದ್ದ ಸಿ. ವಿ. ವಿಶ್ವೇಶ್ವರ (1938–2017) ಕನ್ನಡ ಸಾಹಿತಿ ಸಿ. ಕೆ. ವೆಂಕಟರಾಮಯ್ಯನವರ ಮಗ ಎಂಬುದನ್ನು ಇಲ್ಲಿ ಹೇಳದಿರಲಾರೆ.

ಇಷ್ಟೆಲ್ಲ ನಡೆದರೂ ಒಂದು ಪ್ರಶ್ನೆ ಉಳಿಯುತ್ತದೆ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ರಾಯಚೂರಿನವರೆಗೆ ಹಾದುಹೋಯಿತು. ಜಗತ್ತಿನ ನಾನಾ ಕಡೆಗಳ ವಿಜ್ಞಾನಿಗಳು ಉಪಕರಣಗಳೊಡನೆ ಬಂದರು. ನಮ್ಮ ಊರುಗಳ ಬೀದಿಗಳು ಮಾತ್ರ ಬರಿದಾಗಿದ್ದುವು. ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ; ಮನೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನಮ್ಮನ್ನು ಒಳಗೆ ಕೂರಿಸಿದ್ದರು. ಅರ್ಧ ಶತಮಾನದ ವಿಜ್ಞಾನ ಪ್ರಚಾರದ ಫಲ ಇಷ್ಟೇ ಏನು ಎಂದು ಆಗಿನ ಪತ್ರಿಕೆಗಳು ಕೇಳಿದ್ದರೆ ತಪ್ಪಿರಲಿಲ್ಲ. ಆದರೆ ಜನರ ಈ ಭಯವನ್ನು ಅನಾದಿಕಾಲದ್ದೆಂದು ಭಾವಿಸುವುದು ಸರಿಯಲ್ಲ. ಕನ್ನಡ ಶಾಸನಗಳನ್ನು ಓದಿದವರಿಗೆ ಗೊತ್ತು: ಸೂರ್ಯಗ್ರಹಣ, ಸೋಮಗ್ರಹಣ, ಸಂಕ್ರಾಂತಿ, ವ್ಯತೀಪಾತಗಳಂದು ದಾನಮಾಡುವುದು ನೂರಾರು ಶಾಸನಗಳ ಕಾಲನಿರ್ದೇಶನದಲ್ಲಿ ಬರುವ ಸಂಗತಿ. ಗ್ರಹಣದ ಹೊತ್ತಿಗೆ ಅರಸನೂ ಮಹಾಜನಗಳೂ ತೀರ್ಥದಲ್ಲಿ, ಬಯಲಿನಲ್ಲಿ ಇರುತ್ತಿದ್ದರು. ಯಾವ ದಿನ ಗ್ರಹಣವೆಂದು ಮೊದಲೇ ಲೆಕ್ಕಹಾಕಿ ಹೇಳುವವನೊಬ್ಬ ಆ ಊರಿನಲ್ಲಿ ಇರಲೇಬೇಕಾಗಿತ್ತು. ಶೈಲಜಾ ಮತ್ತು ಅವರ ಸಂಗಡಿಗರು ಈ ಶಾಸನಗಳ ಖಗೋಳ ಉಲ್ಲೇಖಗಳನ್ನು ಒಟ್ಟುಗೂಡಿಸಿ ಗಣಿತದಿಂದ ಪರೀಕ್ಷಿಸಿದ್ದಾರೆ. ನಾವು ಸಾಹಿತ್ಯದವರು ಅದೇ ಸಾಲುಗಳನ್ನು ಕವಿಕಾಲ ನಿರ್ಣಯಕ್ಕೆ ಬಳಸಿಕೊಂಡು ಮುಂದೆ ಸಾಗಿದೆವು.

ಇಲ್ಲಿಂದ ಮುಂದಿನದು ನಮ್ಮ ಅಧ್ಯಯನಶಿಸ್ತಿನ ಮೇಲಿನ ದೂರು. ಅದರಲ್ಲಿ ನನ್ನ ಪಾಲೂ ಇದೆ. ಕನ್ನಡದಲ್ಲಿ ಶಾಸ್ತ್ರಸಾಹಿತ್ಯಕ್ಕೆ ಕೊರತೆಯಿಲ್ಲ. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ (ಸು. 1025) ಜ್ಯೋತಿಷದಿಂದ ಅಡುಗೆಯವರೆಗಿನ ವಿಷಯಗಳನ್ನು ಹೇಳುತ್ತದೆ. ಬೆಳ್ವಲನಾಡಿನ ನರಗುಂದದ ಶ್ರೀಧರಾಚಾರ್ಯ 1049ರಲ್ಲಿ ‘ಜಾತಕತಿಲಕ’ವನ್ನು ಬರೆದ. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನೂ ಕ್ಷೇತ್ರಗಣಿತವನ್ನೂ ಕನ್ನಡಿಸಿದ. (ಪಂಚಾಂಗವನ್ನು ಆಧುನಿಕ ಗಣಿತದಿಂದ ತಿದ್ದಲು ‘ಜ್ಯೋತಿರ್ಗಣಿತ’ವನ್ನು ರಚಿಸಿದ, 1911ರಲ್ಲಿ ನೆಪ್ಚೂನಿನಾಚೆಯ ಗ್ರಹಗಳ ಬಗ್ಗೆ ಬರೆದ ವೆಂಕಟೇಶ ಬಾಪೂಜಿ ಕೇತ್ಕರರು ಹುಟ್ಟಿದ್ದೂ ಅದೇ ನರಗುಂದದಲ್ಲಿ, 1854ರಲ್ಲಿ. ಎಂಟುನೂರು ವರ್ಷಗಳ ಅಂತರದ ಈ ಆಕಸ್ಮಿಕಕ್ಕೆ ನಾನು ಯಾವ ಅರ್ಥವನ್ನೂ ಕಟ್ಟುವುದಿಲ್ಲ.) ಸಾಹಿತ್ಯಚರಿತ್ರೆಗಳಲ್ಲಿ ಇವರೆಲ್ಲ ‘ಶಾಸ್ತ್ರಗ್ರಂಥಗಳು’ ಎಂಬ ಒಂದು ಅಧ್ಯಾಯದಲ್ಲಿ ಸಾಲಾಗಿ ನಿಂತಿದ್ದಾರೆ. ಅವರ ಪದ್ಯಗಳಲ್ಲಿ ಕಾವ್ಯಗುಣ ಎಷ್ಟಿದೆಯೆಂದು ನೋಡಿದ್ದೇವೆ. ಅವರ ಲೆಕ್ಕ ಸರಿಯೇ ಎಂದು ನೋಡಿದವರು ಬೆರಳೆಣಿಕೆಯಷ್ಟು.

ಇದಕ್ಕಿಂತ ಕಣ್ಣುತೆರೆಸುವ ನಿದರ್ಶನ ‘ಗಣಿತಗನ್ನಡಿ’. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ರಚಿಸಿದ ಈ ಗ್ರಂಥ ವಿದ್ದಣನ ‘ವಾರ್ಷಿಕತಂತ್ರ’ವೆಂಬ ಸಂಸ್ಕೃತ ಕೃತಿಯ ಕನ್ನಡ ವ್ಯಾಖ್ಯಾನ. ಇದು ಕರಣಗ್ರಂಥಗಳ ಜಾತಿಗೆ ಸೇರಿದ್ದು. ಹೊರಗಿನ ಓದುಗರಿಗಾಗಿ ವಿವರಿಸುವುದಾದರೆ, ಸಿದ್ಧಾಂತವು ಕಲ್ಪದ ಆದಿಯಿಂದ ಲೆಕ್ಕ ಹಿಡಿದರೆ ಕರಣವು ಸಮೀಪದ ಒಂದು ವರ್ಷದಿಂದ ಹಿಡಿಯುತ್ತದೆ. ಪಂಚಾಂಗ ಮಾಡುವವನ ಕೈಪಿಡಿ ಅದು. ಭಾಷೆ ಕನ್ನಡ, ತಾಳೆಯೋಲೆಯ ಲಿಪಿ ನಂದಿನಾಗರಿ. ಗುಣಿಸು, ಭಾಗಿಸು, ಶೇಷವನ್ನು ತೆಗೆದುಕೋ, ಮುಂದಿನದಕ್ಕೆ ಕೂಡಿಸು ಎಂದು ಶಿಷ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಜ್ಜೆಹೆಜ್ಜೆಯಾಗಿ ಲೆಕ್ಕ ಮಾಡಿಸುವ ಪರಂಪರೆಯ ಗದ್ಯ ಇಂಥ ವ್ಯಾಖ್ಯಾನಗಳದು. ಇದನ್ನು ಓದಿ ಅರ್ಥೈಸಿ ಪ್ರಕಟಿಸಿದವರು ಬಿ. ಎಸ್. ಶೈಲಜಾ ಮತ್ತು ಸೀತಾರಾಮ ಜವಗಲ್. ಕನ್ನಡದ ಯಾವುದೇ ಸ್ನಾತಕೋತ್ತರ ವಿಭಾಗವಲ್ಲ.

ನಾನು ಪಿಎಚ್.ಡಿ.ಗಾಗಿ ಹಸ್ತಪ್ರತಿಗಳ ಸೂಚಿಗಳನ್ನು ತಿರುವುತ್ತಿದ್ದ ದಿನಗಳಲ್ಲಿ ‘ಜ್ಯೋತಿಷ’ ಎಂಬ ಶೀರ್ಷಿಕೆ ಬಂದ ಪುಟಗಳನ್ನು ಓದದೆ ದಾಟಿದ್ದೇನೆ. ಫಲಜ್ಯೋತಿಷವೂ ಗಣಿತವೂ ಆ ಒಂದೇ ಶೀರ್ಷಿಕೆಯಡಿ ಸೇರಿರುತ್ತವೆಂಬುದು ತಿಳಿಯದಿರಲಿಲ್ಲ. ಆದರೂ ಅದು ನಮ್ಮ ಕೆಲಸವಲ್ಲವೆಂಬ ಭಾವನೆ. ಭೌತವಿಜ್ಞಾನದ ವಿಭಾಗ ಅದನ್ನು ಜ್ಯೋತಿಷ್ಯವೆಂದು ಬಿಟ್ಟಿತು, ಕನ್ನಡ ವಿಭಾಗ ಗಣಿತವೆಂದು ಬಿಟ್ಟಿತು. ಮಾಳಿಗೆಯ ಮೇಲೆ ಕಾವಲುಗಾರ ಕೇಳಿದ ಪ್ರಶ್ನೆ ಈ ಎರಡು ಬಾಗಿಲುಗಳ ನಡುವೆ ನಿಂತಿತ್ತು.

ದೆಹಲಿಯಲ್ಲಿ ಈ ಎರಡನ್ನೂ ಕೂಡಿಸುವ ಒಂದು ದೊಡ್ಡ ಪ್ರಯತ್ನ ನಡೆಯದಿರಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ವಿಭಾಗದ ಹೆಸರೇ ‘ಭೌತವಿಜ್ಞಾನ ಮತ್ತು ಖಭೌತವಿಜ್ಞಾನ ವಿಭಾಗ’. ಅದನ್ನು ಕಟ್ಟಿ ಬೆಳೆಸಿದ ಡಿ. ಎಸ್. ಕೊಠಾರಿಯವರು 1934ರಲ್ಲಿ ಅಲ್ಲಿಗೆ ಬಂದವರು. ಶ್ವೇತಕುಬ್ಜ ನಕ್ಷತ್ರಗಳಲ್ಲಿ ಒತ್ತಡದಿಂದ ಪರಮಾಣುಗಳು ಹೇಗೆ ಅಯಾನುಗಳಾಗುತ್ತವೆಂಬ ಬಗ್ಗೆ ಅವರ ಸಂಶೋಧನೆ ಪ್ರಸಿದ್ಧ. 1961ರಲ್ಲಿ ಕೇಂದ್ರ ಸರಕಾರ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ರಚಿಸಿದಾಗ ಅದರ ಮೊದಲ ಅಧ್ಯಕ್ಷರಾದದ್ದು ಈ ಖಭೌತವಿಜ್ಞಾನಿಯೇ. ಅವರ ಅಧ್ಯಕ್ಷತೆಯ ಶಿಕ್ಷಣ ಆಯೋಗ (1964–66) ಉನ್ನತ ಶಿಕ್ಷಣವೂ ಪ್ರಾದೇಶಿಕ ಭಾಷೆಗಳಲ್ಲಿ ಆಗಬೇಕೆಂದಿತು. ಉದ್ದೇಶ ದೊಡ್ಡದು, ಆದರೆ ಫಲವಾಗಿ ಹೊರಬಂದದ್ದು ಮುಖ್ಯವಾಗಿ ಪದಕೋಶಗಳು. ಸಂಸ್ಕೃತದ ಧಾತುಗಳಿಂದ ಪದ ಸೃಷ್ಟಿಸಿದರೆ ಭಾರತದ ಎಲ್ಲ ಭಾಷೆಗಳಿಗೂ ಅದು ಸಮಾನವಾಗುವುದೆಂಬ ನಿರೀಕ್ಷೆಯಿತ್ತು. ಕೊಠಾರಿಯವರ ನಕ್ಷತ್ರವನ್ನೇ ತೆಗೆದುಕೊಳ್ಳಿ: ಕನ್ನಡದಲ್ಲಿ ಅದು ಶ್ವೇತಕುಬ್ಜ, ಹಿಂದಿಯಲ್ಲಿ ಶ್ವೇತವಾಮನ. ಎರಡೂ ಅಚ್ಚ ಸಂಸ್ಕೃತವೇ. ಕುಳ್ಳನಿಗೆ ಒಂದು ಭಾಷೆ ಒಂದು ಮಾತು ಆರಿಸಿತು, ಇನ್ನೊಂದು ಇನ್ನೊಂದನ್ನು. ಕೃಷ್ಣರಂಧ್ರ, ಕಪ್ಪುಕುಳಿ, ಕೃಷ್ಣವಿವರ ಎಂಬಲ್ಲಿಯೂ ಹೀಗೆಯೇ. ಇದನ್ನು ದೋಷವೆಂದು ನಾನು ತಿಳಿಯುವುದಿಲ್ಲ. ಪದಗಳು ಸಮಿತಿಯ ಮೇಜಿನ ಮೇಲಲ್ಲ, ಯಾರಾದರೂ ಯಾರಿಗಾದರೂ ಆಕಾಶವನ್ನು ತೋರಿಸಿ ಮಾತನಾಡುವಾಗ ನಿಲ್ಲುತ್ತವೆ ಎಂಬುದಕ್ಕೆ ಸಾಕ್ಷಿ ಅಷ್ಟೆ. ತೀನ್ ಮೂರ್ತಿ ಆವರಣದಲ್ಲಿ 1984ರಲ್ಲಿ ತೆರೆದ ನೆಹರೂ ತಾರಾಲಯದಲ್ಲಿ ಹಿಂದಿಯ ಪ್ರದರ್ಶನದಿಂದ ಹೊರಬರುವ ಶಾಲೆಯ ಮಕ್ಕಳು ಪರಸ್ಪರ ಏನು ಮಾತಾಡಿಕೊಳ್ಳುತ್ತಾರೆಂದು ಕಿವಿಗೊಟ್ಟು ಕೇಳಿದರೆ ಯಾವ ಪದ ಉಳಿಯಿತೆಂಬುದು ಗೊತ್ತಾಗುತ್ತದೆ.

ಖಗೋಳದ ಸಾರ್ವಜನಿಕ ಉಪನ್ಯಾಸಗಳನ್ನು ಭಾಷಾ ವಿಭಾಗಗಳೂ ಏರ್ಪಡಿಸಬೇಕು, ಅಥವಾ ಭೌತವಿಜ್ಞಾನದವರೊಡನೆ ಕೂಡಿ ಏರ್ಪಡಿಸಬೇಕು ಎಂಬುದು ಇಷ್ಟರಿಂದ ನನಗೆ ಮನವರಿಕೆಯಾದ ಸಂಗತಿ. ಹೊರನಾಡಿನ ಸಂಶೋಧಕರಿಗೆ ಇದರಲ್ಲಿ ವಿಶೇಷ ಅನುಕೂಲವಿದೆ. ಕರ್ನಾಟಕದ ಹೊರಗಿನ ಭಂಡಾರಗಳಲ್ಲಿ ತೆಲುಗು, ಗ್ರಂಥ, ನಂದಿನಾಗರಿ ಲಿಪಿಗಳಲ್ಲಿ ಬರೆದ ಗಣಿತದ ಓಲೆಗಳ ಒಳಗೆ ಕನ್ನಡ ಟೀಕೆಯಿದ್ದರೆ ಅದು ಸೂಚಿಯಲ್ಲಿ ಕನ್ನಡವೆಂದು ನಮೂದಾಗಿರುವುದಿಲ್ಲ. ಲಿಪಿಯನ್ನು ನೋಡಿ ಭಾಷೆಯನ್ನು ಬರೆದಿರುತ್ತಾರೆ. ಬಿಡಿಸಿ ನೋಡಿದವರಿಗಷ್ಟೇ ಅದು ಸಿಕ್ಕೀತು.

ಕಾವಲುಗಾರನ ವಿಷಯ ಹೇಳಬೇಕು. ಉದಯಾಸ್ತಾಧಿಕಾರವನ್ನು ಓದಿಕೊಂಡ ಮೇಲೆ ಒಂದು ದಿನ ಆ ಕಟ್ಟಡದ ಕಡೆಗೆ ಹೋಗಿದ್ದೆ. ಅವನೇ ಬಾಗಿಲಲ್ಲಿದ್ದ. ನನ್ನ ದಕ್ಷಿಣದ ಹಿಂದಿಯಲ್ಲಿ, ಎರಡು ಕೈಗಳನ್ನು ಸೂರ್ಯನೂ ಶುಕ್ರನೂ ಮಾಡಿಕೊಂಡು, ತಾರೆ ಮುಳುಗುವುದೆಂದರೇನು, ಒಮ್ಮೆ ಬೇಗ ಏಳುವುದೂ ಇನ್ನೊಮ್ಮೆ ತಡವಾಗಿ ಏಳುವುದೂ ಏಕೆ ಎಂದು ಹೇಳಿದೆ. ಪೂರ್ತಿ ಕೇಳಿದ. ತನ್ನ ಊರಿನ ಪಂಡಿತನೂ ಒಮ್ಮೆ ಎಂಟು ಹತ್ತು ದಿನ, ಒಮ್ಮೆ ಎರಡು ತಿಂಗಳು ಎನ್ನುತ್ತಾನೆ, ಅದು ಬಾಯಿಗೆ ಬಂದ ಮಾತೆಂದು ತಿಳಿದಿದ್ದೆ ಎಂದ. ಆಮೇಲೆ, “ಬೃಹಸ್ಪತಿ ಮುಳುಗಿದರೂ ಮದುವೆ ಇಲ್ಲ. ಅದು ಯಾಕೆ ಸೂರ್ಯನಿಗೆ ಅಡ್ಡ ಬರುವುದಿಲ್ಲ?” ಎಂದು ಕೇಳಿದ. ಗುರು ಭೂಮಿಯ ಕಕ್ಷೆಯ ಹೊರಗಿದೆ, ಆದ್ದರಿಂದ ಅದಕ್ಕೆ ನಮಗೂ ಸೂರ್ಯನಿಗೂ ನಡುವೆ ಬರಲು ಸಾಧ್ಯವಿಲ್ಲ. ಇದನ್ನು ಎರಡು ಕೈಗಳಿಂದ ತೋರಿಸಲಾಗದು, ಭೂಮಿಗೆ ಇನ್ನೊಂದು ಕೈ ಬೇಕು. ಭೌತವಿಜ್ಞಾನ ವಿಭಾಗದ ಮಿತ್ರರೊಬ್ಬರನ್ನು ಕರೆದುಕೊಂಡು ಬರುತ್ತೇನೆಂದು ಅವನಿಗೆ ಹೇಳಿ ಬಂದಿದ್ದೇನೆ.